ರದ್ದಿಯಿಂದ ಪಾರಾದ ಸೂಪರ್‌ಮ್ಯಾನ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರು ತೀರಿಹೋದ ತಾಯಿಯ ಮನೆ ಖಾಲಿ ಮಾಡುತ್ತಿದ್ದರು. ಅಟ್ಟದ ಮೇಲೆ ಹಳೆ ಪತ್ರಿಕೆಗಳ ರಾಶಿ, ಅದರ ಅಡಿಯಲ್ಲೊಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆ ತಾಯಿ ಚಿಕ್ಕಂದಿನಲ್ಲಿ ತನ್ನ ಸೋದರನ ಜೊತೆ ಸೇರಿ ಕೊಂಡಿಟ್ಟಿದ್ದ ಕಾಮಿಕ್ಸ್ ಪುಸ್ತಕಗಳು. ಅವುಗಳಲ್ಲಿ ಒಂದು 1939ರ ‘ಸೂಪರ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆ. 2025ರ ನವೆಂಬರಿನಲ್ಲಿ ಅದು ಹರಾಜಿಗೆ ಬಂತು. 91 ಲಕ್ಷ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 80 ಕೋಟಿ ರೂಪಾಯಿಗೆ ಮಾರಾಟವಾಯಿತು.

ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಈ ಅಂಕಣದ ಓದುಗರು ಎರಡು ಪ್ರಶ್ನೆ ಕೇಳುತ್ತಾರೆ. ಮಕ್ಕಳು ಓದಿ ಬಿಸಾಡುವ ಚಿತ್ರಕಥೆಗೆ ಇಷ್ಟು ಹಣ ಯಾಕೆ? ನಮ್ಮ ಮನೆಯ ಅಟ್ಟದಲ್ಲೂ ಹಳೆ ಕಾಮಿಕ್ಸ್ ಕಟ್ಟು ಇದೆಯಲ್ಲ, ಅದಕ್ಕೇನಾದರೂ ಬೆಲೆಯಿದೆಯೇ? ಎರಡನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲನೆಯದನ್ನು ಬಿಡಿಸಿಕೊಳ್ಳಬೇಕು. ಅದಕ್ಕೆ ಎಂಬತ್ತು ವರ್ಷಕ್ಕೂ ಹಿಂದಿನ ಅಮೆರಿಕದ ಬೀದಿಬದಿಯ ಪತ್ರಿಕೆ ಅಂಗಡಿಗೆ ಹೋಗಬೇಕು.

1938ರ ಏಪ್ರಿಲಿನಲ್ಲಿ ಆ ಅಂಗಡಿಗಳಿಗೆ ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಹೊಸ ಮಾಸಿಕದ ಮೊದಲ ಸಂಚಿಕೆ ಬಂತು. ಮುಖಪುಟದ ಮೇಲೆ ಅಚ್ಚಾಗಿದ್ದ ತಿಂಗಳು ಜೂನ್. ಪತ್ರಿಕೆ ಹೆಚ್ಚು ದಿನ ಅಂಗಡಿಯಲ್ಲಿ ಹೊಸತಾಗಿಯೇ ಕಾಣಲೆಂದು ಮುಂದಿನ ತಿಂಗಳ ಹೆಸರು ಹಾಕುವುದು ಅಂದಿನ ರೂಢಿ. ಬೆಲೆ ಹತ್ತು ಸೆಂಟ್, ಪುಟ ಅರವತ್ನಾಲ್ಕು. ಒಳಗಿನದು ದಿನಪತ್ರಿಕೆ ಅಚ್ಚಾಗುವ ಅಗ್ಗದ ನ್ಯೂಸ್‌ಪ್ರಿಂಟ್, ಹೊರಗಿನದು ತುಸು ಹೊಳಪಿನ ಹೊದಿಕೆ, ನಡುವೆ ಎರಡು ಸ್ಟೇಪಲ್ ಪಿನ್ನು. ಮುಖಪುಟದಲ್ಲಿ ನೀಲಿ ಅಂಗಿ, ಕೆಂಪು ಮೇಲುಹೊದಿಕೆ ತೊಟ್ಟವನೊಬ್ಬ ಹಸಿರು ಬಣ್ಣದ ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದ. ಸೂಪರ್‌ಮ್ಯಾನ್ ಲೋಕಕ್ಕೆ ಬಂದದ್ದು ಹೀಗೆ. ಅಚ್ಚಾದದ್ದು ಸುಮಾರು ಎರಡು ಲಕ್ಷ ಪ್ರತಿ. ಇಂದು ಉಳಿದಿರುವುದು ನೂರರ ಆಸುಪಾಸು ಎಂಬುದು ಈ ವ್ಯಾಪಾರದಲ್ಲಿ ನುರಿತವರ ಅಂದಾಜು. 2024ರಲ್ಲಿ ಅಂಥದ್ದೊಂದು ಪ್ರತಿ 60 ಲಕ್ಷ ಡಾಲರಿಗೆ ಹೋಯಿತು.

ಆ ನಾಯಕನನ್ನು ಹುಟ್ಟಿಸಿದವರು ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಹುಡುಗರು. ಕಥೆ ಜೆರ್ರಿ ಸೀಗಲ್‌ನದು, ಚಿತ್ರ ಜೋ ಶುಸ್ಟರ್‌ನದು. ಹೈಸ್ಕೂಲಿನಲ್ಲಿ ಗೆಳೆಯರಾದವರು, ಇಬ್ಬರೂ ಯಹೂದಿ ವಲಸಿಗರ ಮನೆಯ ಮಕ್ಕಳು. ಮೊದಲ ಕಥೆಗೆ ಪ್ರಕಾಶಕರು ಕೊಟ್ಟದ್ದು 130 ಡಾಲರ್, ಆ ಹಣದೊಂದಿಗೆ ಪಾತ್ರದ ಹಕ್ಕೂ ಕೈಬಿಟ್ಟಿತು. ಅದನ್ನು ಮರಳಿ ಪಡೆಯಲು ಇಬ್ಬರೂ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. 1975ರಲ್ಲಿ ಸಾರ್ವಜನಿಕ ಒತ್ತಡ ಹೆಚ್ಚಿದ ಮೇಲೆ ಕಂಪನಿ ವರ್ಷಾಶನ ಗೊತ್ತುಮಾಡಿ, ಸೃಷ್ಟಿಕರ್ತರೆಂದು ಅವರ ಹೆಸರು ಹಾಕಲು ಒಪ್ಪಿತು. ಆ 130 ಡಾಲರೂ ಸೇರಿದಂತೆ ಅವರಿಗೆ ಕೊಟ್ಟಿದ್ದ ಹಳೆ ಚೆಕ್ಕು 2012ರಲ್ಲಿ ಹರಾಜಾಗಿ 1 ಲಕ್ಷ 60 ಸಾವಿರ ಡಾಲರ್ ತಂದಿತು. ಬರೆದವರಿಗೆ ಸಿಗದ ಹಣ ಅವರು ಸಹಿ ಹಾಕಿದ ಕಾಗದಕ್ಕೆ ಸಿಕ್ಕಿತು. ಕಾಮಿಕ್ಸ್ ಸಂಗ್ರಹದ ಮಾತು ಬಂದಾಗ ಈ ಅನ್ಯಾಯವನ್ನು ಮೊದಲೇ ಹೇಳಿಬಿಡುವುದು ಸರಿ.

ಸಂಗ್ರಾಹಕರು ‘ಗೋಲ್ಡನ್ ಏಜ್’ ಎನ್ನುವ ಕಾಲ ಸೂಪರ್‌ಮ್ಯಾನ್‌ನಿಂದ ಶುರುವಾಗಿ ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳವರೆಗೆ ನಡೆಯುತ್ತದೆ. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಬಂದ. ಅದೇ ವರ್ಷ ‘ಮಾರ್ವೆಲ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಮೈಯೆಲ್ಲ ಬೆಂಕಿಯಾಗುವ ಹ್ಯೂಮನ್ ಟಾರ್ಚ್, ಕಡಲಿನ ರಾಜಕುಮಾರ ಸಬ್‌ಮರೀನರ್ ಬಂದರು. 1941ರ ಕೊನೆಗೆ ವಂಡರ್ ವುಮನ್ ಕಾಣಿಸಿಕೊಂಡಳು. ಮೂರ್ನಾಲ್ಕು ವರ್ಷಗಳಲ್ಲೇ ಒಂದು ಹೊಸ ಪುರಾಣಲೋಕ ಎದ್ದು ನಿಂತಿತು. ಅತ್ತ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡದ್ದೂ ಆಗಲೇ.

ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದರೆ ನ್ಯೂಯಾರ್ಕಿನ ಇಕ್ಕಟ್ಟಾದ ಸ್ಟುಡಿಯೋಗಳಲ್ಲಿ ಕೂತು ಪುಟಕ್ಕಿಷ್ಟು ಎಂದು ಕೂಲಿಗೆ ಚಿತ್ರ ಬರೆಯುತ್ತಿದ್ದ ಹುಡುಗರಲ್ಲಿ ಅನೇಕರು ಯಹೂದಿ ಮನೆಗಳಿಂದ ಬಂದವರು. ಜರ್ಮನಿಯಲ್ಲಿ ತಮ್ಮವರ ಮೇಲೆ ನಡೆಯುತ್ತಿದ್ದ ಹಿಂಸೆ ಅವರಿಗೆ ದೂರದ ಸುದ್ದಿಯಾಗಿರಲಿಲ್ಲ. 1940ರ ಫೆಬ್ರುವರಿಯಲ್ಲಿ ಸೀಗಲ್ ಮತ್ತು ಶುಸ್ಟರ್ ‘ಲುಕ್’ ಪತ್ರಿಕೆಗೆ ಎರಡು ಪುಟದ ಕಥೆ ಮಾಡಿಕೊಟ್ಟರು. ಅದರಲ್ಲಿ ಸೂಪರ್‌ಮ್ಯಾನ್ ಹಿಟ್ಲರನನ್ನೂ ಸ್ಟಾಲಿನನನ್ನೂ ಹಿಡಿದೆತ್ತಿಕೊಂಡು ಹಾರಿ ಜಿನೀವಾದ ರಾಷ್ಟ್ರಗಳ ಒಕ್ಕೂಟದ ಮುಂದೆ ನಿಲ್ಲಿಸುತ್ತಾನೆ. ಎರಡೇ ತಿಂಗಳಲ್ಲಿ ಹಿಟ್ಲರನ ಎಸ್ಎಸ್ ಪಡೆಯ ವಾರಪತ್ರಿಕೆ ಸೀಗಲ್‌ನ ಹುಟ್ಟನ್ನು ಎತ್ತಿ ಹೀನಾಯವಾಗಿ ಬರೆಯಿತು. ಮಕ್ಕಳ ಚಿತ್ರಕಥೆಯೊಂದು ಬರ್ಲಿನ್‌ವರೆಗೆ ತಲುಪಿತ್ತು.

ಇನ್ನೂ ಗಟ್ಟಿ ಪೆಟ್ಟು ಬಿದ್ದದ್ದು ಆ ವರ್ಷದ ಡಿಸೆಂಬರಿನಲ್ಲಿ. ಜೋ ಸೈಮನ್ ಮತ್ತು ಜ್ಯಾಕ್ ಕಿರ್ಬಿ ಸೇರಿ ಮಾಡಿದ ‘ಕ್ಯಾಪ್ಟನ್ ಅಮೆರಿಕ’ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ದೇಶದೊಳಗೆ ಯುದ್ಧ ಬೇಡವೆನ್ನುವವರೂ, ಹಿಟ್ಲರನ ಪರ ಮೆರವಣಿಗೆ ಮಾಡುವವರೂ ಇದ್ದ ಹೊತ್ತದು. ಸಂಚಿಕೆ ಹತ್ತಿರ ಹತ್ತಿರ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಜೊತೆಗೇ ಬೆದರಿಕೆಯ ಪತ್ರಗಳೂ ಫೋನ್ ಕರೆಗಳೂ ಬಂದವು, ಕಚೇರಿಯ ಮುಂದೆ ಅಪರಿಚಿತರು ಸುಳಿದಾಡತೊಡಗಿದರು. ಪೊಲೀಸ್ ಕಾವಲು ಹಾಕಿಸಿದ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ತಾವೇ ಫೋನ್ ಮಾಡಿ ಧೈರ್ಯ ಹೇಳಿದ್ದನ್ನು ಸೈಮನ್ ಮುಂದೆ ನೆನಪಿಸಿಕೊಂಡಿದ್ದಾರೆ. 2022ರಲ್ಲಿ ಈ ಸಂಚಿಕೆಯ ಒಂದು ಒಳ್ಳೆಯ ಪ್ರತಿ 31 ಲಕ್ಷ ಡಾಲರಿಗೂ ಮೇಲೆ ಹೋಯಿತು. ಹಣ ತೆತ್ತವರ ಕೈಗೆ ಕಾಗದದ ಜೊತೆ ಆ ಧೈರ್ಯದ ದಾಖಲೆಯೂ ಸೇರಿತು.

ಅಮೆರಿಕ ಯುದ್ಧಕ್ಕಿಳಿದ ಮೇಲೆ ಕಥೆಗಾರರಿಗೆ ಒಂದು ಸಂದಿಗ್ಧ ಎದುರಾಯಿತು. ಬೆಟ್ಟ ಎತ್ತಬಲ್ಲ ಸೂಪರ್‌ಮ್ಯಾನ್ ಸೈನ್ಯ ಸೇರಿದರೆ ಒಂದೇ ಮಧ್ಯಾಹ್ನದಲ್ಲಿ ಯುದ್ಧ ಮುಗಿಯಬೇಕು. ಕಥೆಯಲ್ಲಿ ಮುಗಿದರೂ ನಿಜದಲ್ಲಿ ಮುಗಿಯದಿದ್ದರೆ, ಅಣ್ಣನನ್ನೋ ಅಪ್ಪನನ್ನೋ ರಣರಂಗಕ್ಕೆ ಕಳಿಸಿದ ಮಗುವಿಗೆ ಏನು ಹೇಳುವುದು? 1942ರ ದಿನಪತ್ರಿಕೆಯ ಚಿತ್ರಸರಣಿಯಲ್ಲಿ ಅವರು ಕಂಡುಕೊಂಡ ದಾರಿ ಸೊಗಸಾಗಿದೆ. ಸೂಪರ್‌ಮ್ಯಾನ್‌ನ ಸಾಮಾನ್ಯ ರೂಪವಾದ ಕ್ಲಾರ್ಕ್ ಕೆಂಟ್ ಸೈನ್ಯಕ್ಕೆ ಸೇರಲು ಹೋಗಿ ಕಣ್ಣಿನ ಪರೀಕ್ಷೆಗೆ ನಿಲ್ಲುತ್ತಾನೆ. ಉತ್ಸಾಹದಲ್ಲಿ ಅವನ ದೃಷ್ಟಿ ಗೋಡೆ ದಾಟಿಬಿಡುತ್ತದೆ, ಪಕ್ಕದ ಕೋಣೆಯಲ್ಲಿರುವ ಅಕ್ಷರಪಟವನ್ನು ಓದಿಬಿಡುತ್ತಾನೆ. ವೈದ್ಯರು ದೃಷ್ಟಿದೋಷವೆಂದು ಬರೆದು ವಾಪಸು ಕಳಿಸುತ್ತಾರೆ. ಅಲ್ಲಿಂದ ಮುಂದೆ ಸೂಪರ್‌ಮ್ಯಾನ್ ಹೆಚ್ಚಾಗಿ ದೇಶದೊಳಗೇ ಉಳಿದ, ಮುಖಪುಟಗಳಲ್ಲಿ ಯುದ್ಧ ಬಾಂಡ್ ಕೊಳ್ಳಿರೆಂದು ಹೇಳುತ್ತ ನಿಂತ. ಶತ್ರುವಿನ ಎದುರು ನಿಜವಾಗಿ ನಿಂತಿದ್ದ ಸಾಮಾನ್ಯ ಸೈನಿಕನಿಗೆ ಕಥೆಗಾರರು ಕೊಟ್ಟ ಮರ್ಯಾದೆ ಅದು.

ಆ ಸೈನಿಕರೇ ಕಾಮಿಕ್ಸಿನ ದೊಡ್ಡ ಗಿರಾಕಿಗಳೂ ಆದರು. ಹಗುರ, ಮಡಚಿ ಜೇಬಿಗೆ ಸೇರಿಸಬಹುದು, ಒಬ್ಬ ಓದಿ ಇನ್ನೊಬ್ಬನಿಗೆ ದಾಟಿಸಬಹುದು. ಫಾಸೆಟ್ ಪ್ರಕಾಶನದ ‘ಕ್ಯಾಪ್ಟನ್ ಮಾರ್ವೆಲ್ ಅಡ್ವೆಂಚರ್ಸ್’ 1944ರ ಒಂದೇ ವರ್ಷ ಸುಮಾರು 1 ಕೋಟಿ 40 ಲಕ್ಷ ಪ್ರತಿ ಮಾರಿ ಸೂಪರ್‌ಮ್ಯಾನ್‌ನನ್ನೂ ಹಿಂದಿಕ್ಕಿತು. ಚಿತ್ರಕಾರರೂ ಸಮವಸ್ತ್ರ ತೊಟ್ಟರು. ‘ಸ್ಪಿರಿಟ್’ ಪಾತ್ರದ ವಿಲ್ ಐಸ್ನರ್‌ನನ್ನು ಸೈನ್ಯ ತನ್ನದೇ ಪತ್ರಿಕೆಗೆ ಹಚ್ಚಿತು; ಜೀಪನ್ನು ಕೆಡದಂತೆ ನೋಡಿಕೊಳ್ಳುವುದು ಹೇಗೆಂದು ಆತ ಚಿತ್ರಗಳಲ್ಲೇ ಸೈನಿಕರಿಗೆ ಕಲಿಸಿದ. ಹಿಟ್ಲರನಿಗೆ ಕಾಗದದ ಮೇಲೆ ಗುದ್ದಿದ ಕಿರ್ಬಿ 1944ರ ಆಗಸ್ಟಿನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಕಾಲಾಳುವಾಗಿ ಇಳಿದ. ಆ ಚಳಿಗಾಲ ಹಿಮ ಹಿಡಿದು ಅವನ ಕಾಲುಗಳನ್ನು ಕತ್ತರಿಸಬೇಕಾದೀತೆಂಬ ಸ್ಥಿತಿ ಬಂದರೂ, ಅವು ಹೇಗೋ ಉಳಿದವು.

ಇಷ್ಟೊಂದು ಕೋಟಿ ಪ್ರತಿಗಳು ಅಚ್ಚಾದರೂ ಅವು ಎಲ್ಲಿ ಹೋದವು? ಈ ವಿಷಯದ ತಿರುಳು ಇಲ್ಲಿದೆ. ಯುದ್ಧಕಾಲದಲ್ಲಿ ಅಮೆರಿಕಕ್ಕೆ ಕಾಗದದ ಬರ ಬಂತು. ಮದ್ದುಗುಂಡಿನ ಪೆಟ್ಟಿಗೆ, ಆಹಾರದ ಪೊಟ್ಟಣ, ಔಷಧದ ಡಬ್ಬ ಎಲ್ಲಕ್ಕೂ ರಟ್ಟು ಬೇಕು. ಸರ್ಕಾರ ಪ್ರಕಾಶಕರಿಗೆ ಕಾಗದದ ಪಡಿತರ ಗೊತ್ತುಮಾಡಿತು. ಹತ್ತು ಸೆಂಟಿನ ಬೆಲೆ ಹಾಗೇ ಇದ್ದು, ಅರವತ್ನಾಲ್ಕು ಪುಟದ ಕಾಮಿಕ್ಸ್ ಯುದ್ಧ ಮುಗಿಯುವ ಹೊತ್ತಿಗೆ ಐವತ್ತರ ಹತ್ತಿರಕ್ಕೆ ಸೊರಗಿತು. ಇನ್ನೊಂದು ಕಡೆ ರದ್ದಿ ಸಂಗ್ರಹದ ಅಭಿಯಾನ ನಡೆಯಿತು. ಸ್ಕೌಟ್ ಹುಡುಗರೂ ಶಾಲೆಯ ಮಕ್ಕಳೂ ಕೈಗಾಡಿ ಎಳೆದುಕೊಂಡು ಮನೆಮನೆ ತಿರುಗಿ ಹಳೆ ಕಾಗದ ಒಟ್ಟುಮಾಡಿದರು. ಹಾಗೆ ಒಟ್ಟುಮಾಡಿರೆಂದು ಮಕ್ಕಳಿಗೆ ಹುರುಪು ತುಂಬಿದವರಲ್ಲಿ ಕಾಮಿಕ್ಸ್ ನಾಯಕರೂ ಇದ್ದರು. ತಮ್ಮ ಮೆಚ್ಚಿನ ನಾಯಕನ ಮಾತು ಕೇಳಿ ಮಕ್ಕಳು ಅವನ ಪುಸ್ತಕವನ್ನೇ ತಂದು ರಾಶಿಗೆ ಹಾಕಿದರು. 1938ರಿಂದ 42ರವರೆಗಿನ ಸಂಚಿಕೆಗಳು ಇಂದು ಸಿಗುವುದು ಇಷ್ಟು ಕಷ್ಟವಾಗಿರುವುದಕ್ಕೆ ಆ ಮಕ್ಕಳ ನಿಷ್ಠೆಯೇ ದೊಡ್ಡ ಕಾರಣ.

ಉಳಿದದ್ದಕ್ಕೆ ಶಾಂತಿಕಾಲ ಕುತ್ತು ತಂದಿತು. ಯುದ್ಧ ಮುಗಿದ ಮೇಲೆ ವೀರನಾಯಕರ ಕಥೆಗೆ ಬೇಡಿಕೆ ಕುಸಿಯಿತು, ಅಪರಾಧ ಮತ್ತು ದೆವ್ವದ ಕಾಮಿಕ್ಸ್ ಮೇಲೆದ್ದವು. ಅವು ಮಕ್ಕಳನ್ನು ಕೆಡಿಸುತ್ತವೆಂಬ ಗುಲ್ಲೆದ್ದಾಗ ಜನ ಒಳ್ಳೆಯದು ಕೆಟ್ಟದ್ದು ಎಂದು ನೋಡಲಿಲ್ಲ. 1948ರಲ್ಲಿ ಪಶ್ಚಿಮ ವರ್ಜೀನಿಯಾದ ಸ್ಪೆನ್ಸರ್, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಮುಂತಾದ ಊರುಗಳಲ್ಲಿ ಮಕ್ಕಳಿಂದಲೇ ಕಾಮಿಕ್ಸ್ ತರಿಸಿ ಬೆಂಕಿಗೆ ಹಾಕಿಸಿದರು. ಪುಸ್ತಕ ಸುಟ್ಟ ಹಿಟ್ಲರನ ವಿರುದ್ಧ ಹೋರಾಡಿ ಬಂದು ಮೂರೇ ವರ್ಷವಾಗಿತ್ತು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ವಿರುದ್ಧ ಬರೆದ ಪುಸ್ತಕ ಬಂತು, ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು, ಬೆದರಿದ ಪ್ರಕಾಶಕರು ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹಾಕಿಕೊಂಡರು. ಮಗ ಕಾಲೇಜಿಗೆ ಹೋದ ಕೂಡಲೇ ಕೋಣೆ ಗುಡಿಸುವ ತಾಯಂದಿರಿಗೆ ಆ ಕಟ್ಟುಗಳನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಉಳಿದಿರಲಿಲ್ಲ.

ಹಾಗಿದ್ದರೂ ಕೆಲವು ಪಾರಾದವು. ಕೊಲರಾಡೊದ ಡೆನ್ವರಿನಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರನಿದ್ದ, ಟೆಲಿಫೋನ್ ಡೈರೆಕ್ಟರಿಯ ಜಾಹೀರಾತುಗಳಿಗೆ ಚಿತ್ರ ಬರೆಯುವುದು ಅವನ ಕಸುಬು. ಮೂವತ್ತರ ದಶಕದ ಕೊನೆಯಿಂದ ಐವತ್ತರ ದಶಕದವರೆಗೆ ಆತ ಅಂಗಡಿಯಿಂದ ಕಾಮಿಕ್ಸ್ ತಂದು ಮನೆಯ ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಪೇರಿಸುತ್ತ ಹೋದ. 1977ರಲ್ಲಿ ಮನೆಯವರು ಅವನ್ನೆಲ್ಲ ವಿಲೇವಾರಿ ಮಾಡಲು ಹೊರಟಾಗ ಚಕ್ ರೊಜಾನ್ಸ್ಕಿ ಎಂಬ ಯುವ ವ್ಯಾಪಾರಿ ಹೋಗಿ ನೋಡಿದ. ಹದಿನೆಂಟು ಸಾವಿರಕ್ಕೂ ಹೆಚ್ಚು ಪುಸ್ತಕಗಳು, ಬಹುಪಾಲು ನಿನ್ನೆ ಅಚ್ಚುಮನೆಯಿಂದ ಬಂದಂತಿದ್ದವು. ಕೊಲರಾಡೊ ಎತ್ತರದ ನಾಡು, ಅಲ್ಲಿನ ಗಾಳಿ ತಂಪು ಮತ್ತು ಒಣ. ಮೇಲಿನ ಭಾರಕ್ಕೆ ಪುಸ್ತಕಗಳು ಅಂಟಿದಂತೆ ಕೂತು ಒಳಗೆ ಗಾಳಿಯಾಡಿರಲಿಲ್ಲ. ಬೆಳಕಂತೂ ಬಿದ್ದಿರಲೇ ಇಲ್ಲ. ಸಂಗ್ರಾಹಕರು ಈ ರಾಶಿಯಿಂದ ಬಂದ ಪ್ರತಿಗಳನ್ನು ಇಂದಿಗೂ ‘ಮೈಲ್ ಹೈ’ ಪ್ರತಿ ಎಂದೇ ಬೇರೆಯಾಗಿ ಗುರುತಿಸುತ್ತಾರೆ, ದುಪ್ಪಟ್ಟು ಮುಪ್ಪಟ್ಟು ಬೆಲೆ ಕೊಡುತ್ತಾರೆ.

ತಂಪು, ಕತ್ತಲೆ, ಒಣಗಾಳಿ ಯಾಕೆ ಮುಖ್ಯವೆಂದರೆ ನ್ಯೂಸ್‌ಪ್ರಿಂಟ್ ತನ್ನ ಸಾವನ್ನು ಒಡಲಲ್ಲೇ ಹೊತ್ತ ಕಾಗದ. ಮರವನ್ನು ಅರೆದು ಮಾಡಿದ ಅಗ್ಗದ ತಿರುಳಿನಲ್ಲಿ ಲಿಗ್ನಿನ್ ಎಂಬ ಅಂಶ ಉಳಿದುಬಿಡುತ್ತದೆ. ಬೆಳಕು ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟುತ್ತದೆ, ಆಮ್ಲ ಕಾಗದದ ನಾರನ್ನು ತುಂಡರಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕೆಲಸ ಬಿರುಸು. ತೇವ ಸೇರಿದರೆ ಬೂಷ್ಟು, ಪಿನ್ನಿಗೆ ತುಕ್ಕು. ಕೊನೆಗೆ ಪುಟ ತಿರುಗಿಸಿದರೆ ಅಂಚು ಹಪ್ಪಳದಂತೆ ಮುರಿದು ಉದುರುತ್ತದೆ. 2014ರಲ್ಲಿ 32 ಲಕ್ಷ ಡಾಲರಿಗೆ ಹೋದ ‘ಆ್ಯಕ್ಷನ್ ಕಾಮಿಕ್ಸ್’ ಪ್ರತಿಯನ್ನು ಮೊದಲು ಕೊಂಡವನು ಪಶ್ಚಿಮ ವರ್ಜೀನಿಯಾದ ಗುಡ್ಡಗಾಡಿನಲ್ಲಿ ದಶಕಗಳ ಕಾಲ ದೇವದಾರು ಪೆಟ್ಟಿಗೆಯಲ್ಲಿಟ್ಟಿದ್ದ. ಅದರ ಒಳಪುಟಗಳು ಇನ್ನೂ ಬಿಳಿಯಾಗಿದ್ದವು. ಎಪ್ಪತ್ತಾರು ವರ್ಷದ ನ್ಯೂಸ್‌ಪ್ರಿಂಟ್ ಬಿಳಿಯಾಗಿ ಉಳಿಯುವುದು ಎಷ್ಟು ಅಪರೂಪವೆಂದು ಹಳೆ ದಿನಪತ್ರಿಕೆ ಎತ್ತಿಟ್ಟವರಿಗೆ ಗೊತ್ತು.

ಆದ್ದರಿಂದ ನುರಿತ ಸಂಗ್ರಾಹಕನ ಕಣ್ಣು ಮುಖಪುಟಕ್ಕಿಂತ ಮೊದಲು ಅಂಚು, ಬೆನ್ನು, ಪಿನ್ನುಗಳ ಕಡೆ ಹೋಗುತ್ತದೆ. ಬೆನ್ನಿನ ಮೇಲೆ ಮಡಿಕೆಯ ಗೆರೆ ಎಷ್ಟು, ನಡುಪುಟ ಇದೆಯೋ ಕಳಚಿದೆಯೋ, ಓದುಗ ಮಕ್ಕಳ ಸಂಘದ ಸದಸ್ಯತ್ವಕ್ಕೆಂದು ಯಾವುದೋ ಮಗು ಕೂಪನ್ ಕತ್ತರಿಸಿಕೊಂಡಿದೆಯೋ ಎಂದು ಪುಟ ಪುಟ ಎಣಿಸಬೇಕು. ಹರಿದದ್ದನ್ನು ಅಂಟಿಸಿ, ಮಾಸಿದ ಜಾಗಕ್ಕೆ ಬಣ್ಣ ತುಂಬಿ ಹೊಸದರಂತೆ ಮಾಡಿದ್ದರೆ ಬೆಲೆ ಏರುವ ಬದಲು ಇಳಿಯುತ್ತದೆ. 1974ರಲ್ಲಿ ಪ್ರಕಾಶಕರೇ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯನ್ನು ಮರುಮುದ್ರಿಸಿದ್ದರು, ಅದಕ್ಕೆ ಹೊರಗೊಂದು ಬೇರೆ ಹೊದಿಕೆಯಿತ್ತು. ಆ ಹೊದಿಕೆ ಕಿತ್ತು ಅಸಲಿಯೆಂದು ಮಾರಿದವರಿದ್ದಾರೆ. ಮೋಸ ಹಿಡಿಯಲು ಒಂದು ಅಳತೆಪಟ್ಟಿ ಸಾಕು: ಅಸಲಿ ಪುಸ್ತಕ ಸುಮಾರು ಹತ್ತೂವರೆ ಇಂಚು ಉದ್ದ, ಎಂಟು ಇಂಚಿಗೆ ಸ್ವಲ್ಪ ಕಡಿಮೆ ಅಗಲ. ಮರುಮುದ್ರಣ ಅದಕ್ಕಿಂತ ಬಹಳ ದೊಡ್ಡದು.

ಈ ಪರೀಕ್ಷೆಯನ್ನೆಲ್ಲ ಈಗ ಕಂಪನಿಗಳು ವಹಿಸಿಕೊಂಡಿವೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬಾತ ಹೊರತಂದ ಬೆಲೆಪಟ್ಟಿಯ ಪುಸ್ತಕ ಸಂಗ್ರಾಹಕರಿಗೆ ದಶಕಗಳ ಕಾಲ ಪಂಚಾಂಗದಂತಿತ್ತು. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಬಂತು. ಅದು ಪುಸ್ತಕವನ್ನು ಪರೀಕ್ಷಿಸಿ ಅರ್ಧದಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಮುದ್ರೆ ಹಾಕುತ್ತದೆ. ಇದರಿಂದ ಮೋಸ ಕಡಿಮೆಯಾಯಿತು, ಕಾಣದ ಊರಿನವರೂ ನಂಬಿ ಕೊಳ್ಳುವಂತಾಯಿತು ಎಂಬುದು ನಿಜ. ಆದರೆ ಮುದ್ರೆ ಒಡೆದರೆ ಅಂಕ ಹೋಯಿತು. ಹಾಗಾಗಿ ಪುಸ್ತಕ ಇನ್ನು ತೆರೆಯುವುದಿಲ್ಲ. ಲಕ್ಷಾಂತರ ಡಾಲರ್ ಕೊಟ್ಟವನಿಗೂ ಕಾಣುವುದು ಮುಂದಿನ ಹಿಂದಿನ ಎರಡು ಪುಟ ಮಾತ್ರ.

ಈ ಅಂಕಣದ ಅಭಿಪ್ರಾಯ ಇಲ್ಲಿ ಸ್ಪಷ್ಟ: ಅದು ನಷ್ಟ. ಯಾಕೆಂದರೆ ಆ ಕಾಲ ಜೀವಂತವಾಗಿರುವುದು ಒಳಪುಟಗಳಲ್ಲಿ. ಗಾಳಿ ಬಂದೂಕಿನ ಜಾಹೀರಾತು, ಯುದ್ಧದ ಸ್ಟಾಂಪು ಕೊಳ್ಳುವ ಕರೆ, ಓದುಗ ಮಕ್ಕಳ ಸಂಘಕ್ಕೆ ಹತ್ತು ಸೆಂಟ್ ಕಳಿಸುವ ಅರ್ಜಿ ಎಲ್ಲವೂ ಅಲ್ಲಿವೆ. ಪ್ರತಿ ಸಂಚಿಕೆಯಲ್ಲೂ ಚಿತ್ರವಿಲ್ಲದ ಎರಡು ಪುಟದ ಒಂದು ಕಥೆ ಇರುತ್ತಿತ್ತು. ಪತ್ರಿಕೆಯೆಂದು ಅಗ್ಗದ ಅಂಚೆದರ ಸಿಗಬೇಕಾದರೆ ಬರಹದ ಪುಟವೂ ಇರಬೇಕೆಂಬ ಅಂಚೆ ಇಲಾಖೆಯ ನಿಯಮಕ್ಕಾಗಿ ಸೇರಿಸಿದ್ದು ಅದು. ಮಕ್ಕಳು ಹಾರಿಸಿಬಿಡುತ್ತಿದ್ದ ಆ ಪುಟಗಳಲ್ಲೇ, ‘ಕ್ಯಾಪ್ಟನ್ ಅಮೆರಿಕ’ ಮೂರನೇ ಸಂಚಿಕೆಯಲ್ಲಿ, ಹದಿನೆಂಟು ವರ್ಷದ ಸ್ಟ್ಯಾನ್ಲಿ ಲೀಬರ್ ಎಂಬ ಕಚೇರಿಯ ಹುಡುಗ ಮುಂದೆ ಜಗತ್ಪ್ರಸಿದ್ಧವಾದ ಸ್ಟ್ಯಾನ್ ಲೀ ಎಂಬ ಹೆಸರನ್ನು ಮೊದಲ ಬಾರಿ ಇಟ್ಟುಕೊಂಡು ಬರೆದ. ಮುದ್ರೆ ಹಾಕಿದ ಪ್ಲಾಸ್ಟಿಕ್ಕಿನೊಳಗೆ ಇದಾವುದೂ ಓದಲು ಸಿಗುವುದಿಲ್ಲ.

ಒಳಪುಟ ತೆರೆದರೆ ಹಿತವಲ್ಲದ್ದೂ ಕಾಣುತ್ತದೆ. ಯುದ್ಧಕಾಲದ ಕಾಮಿಕ್ಸ್ ಜಪಾನೀಯರನ್ನು ಕೋರೆಹಲ್ಲಿನ, ಹಳದಿ ಮೈಯ ರಾಕ್ಷಸರಂತೆ ಬರೆಯಿತು. 1943ರ ಮಾರ್ಚಿನ ‘ಆ್ಯಕ್ಷನ್ ಕಾಮಿಕ್ಸ್’ ಮುಖಪುಟದಲ್ಲಿ ಸೂಪರ್‌ಮ್ಯಾನ್ ಅಚ್ಚುಯಂತ್ರ ತಿರುಗಿಸುತ್ತ ಹೊರತೆಗೆಯುತ್ತಿರುವ ಭಿತ್ತಿಪತ್ರದಲ್ಲಿ ಒಂದು ಇಡೀ ಜನಾಂಗವನ್ನು ಹೀಗಳೆಯುವ ಪದವಿದೆ. ಅದೇ ಹೊತ್ತಿನಲ್ಲಿ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದ ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇಡಲಾಗಿತ್ತು. ಕಪ್ಪು ಜನರನ್ನೂ ಕಾಮಿಕ್ಸ್ ಹಂಗಿಸಿ ಬರೆಯಿತು. ಹಿಟ್ಲರನ ಜನಾಂಗದ್ವೇಷಕ್ಕೆ ಗುದ್ದಿದ ಪುಸ್ತಕಗಳೇ ಇನ್ನೊಂದು ಬಗೆಯ ದ್ವೇಷವನ್ನು ಮಕ್ಕಳಿಗೆ ಹಂಚಿದವು. ಎರಡನ್ನೂ ಒಟ್ಟಿಗೆ ನೋಡಬೇಕು. ಅಂಥ ಸಂಚಿಕೆಗಳನ್ನು ಬಚ್ಚಿಡುವುದೂ ಬೇಡ, ಬರೀ ಬೆಲೆಯ ಲೆಕ್ಕದಲ್ಲಿ ಮೆಚ್ಚುವುದೂ ಬೇಡ.

ಹಾಗಾದರೆ ಸಾಮಾನ್ಯ ಓದುಗನಿಗೆ ಈ ಲೋಕದಲ್ಲಿ ಪ್ರವೇಶವಿಲ್ಲವೇ? ಇದೆ. ಕೋಟಿಗಳ ಮಾತು ಕೆಲವೇ ಮೊದಲ ಸಂಚಿಕೆಗಳದು. ಅಷ್ಟೇನೂ ಹೆಸರಾಗದ ನಾಯಕರ, ಮುಖಪುಟ ಕಳೆದುಕೊಂಡ, ಬೆನ್ನು ಸವೆದ ಯುದ್ಧಕಾಲದ ಪ್ರತಿಗಳು ಅದರ ಸಣ್ಣ ಪಾಲಿಗೂ ಸಿಗುತ್ತವೆ. ಓದಲು ಕೊಳ್ಳುವವನಿಗೆ ಅವೇ ಸರಿ. ಆಗಿನ ಎಷ್ಟೋ ಪ್ರಕಾಶನಗಳು ಮುಚ್ಚಿಹೋಗಿ, ಹಕ್ಕು ನವೀಕರಿಸುವವರಿಲ್ಲದೆ ಆ ಕಾಮಿಕ್ಸ್ ಸಾರ್ವಜನಿಕ ಸ್ವತ್ತಾಗಿವೆ. ಸಂಗ್ರಾಹಕರು ಅವನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಂಚಿಕೆಗಳಿವೆ. ಒಂದು ದೇಶ ತನ್ನ ಮಕ್ಕಳ ಓದನ್ನೂ ಗ್ರಂಥಾಲಯದಲ್ಲಿ ಇಡತಕ್ಕ ವಸ್ತುವೆಂದು ಒಪ್ಪಿದೆ. ಸಂಗ್ರಾಹಕರ ದುಡ್ಡಿಗಿಂತ ಈ ಒಪ್ಪಿಗೆ ಹೆಚ್ಚು ಬಾಳುವಂಥದ್ದು.

ಈಗ ಎರಡನೆಯ ಪ್ರಶ್ನೆ, ನಮ್ಮ ಅಟ್ಟದ್ದು. 1936ರಲ್ಲಿ ಲೀ ಫಾಕ್ ಹುಟ್ಟಿಸಿದ, ಯುದ್ಧಕಾಲದ ಅಮೆರಿಕದ ಪತ್ರಿಕೆಗಳಲ್ಲಿ ಜಪಾನಿ ಸೈನ್ಯವನ್ನೂ ಎದುರಿಸಿದ ಫ್ಯಾಂಟಮ್ ನಮ್ಮ ಮನೆಗಳಿಗೆ ಬಂದದ್ದು 1964ರ ಮಾರ್ಚಿನಲ್ಲಿ ಶುರುವಾದ ‘ಇಂದ್ರಜಾಲ ಕಾಮಿಕ್ಸ್’ ಮೂಲಕ. ಅವನ ಕಾಡಿನ ‘ಬೆಂಗಾಲ’ ಎಂಬ ಹೆಸರು ಇಲ್ಲಿ ‘ಡೆಂಕಾಲಿ’ ಆಯಿತು. ಇಂದ್ರಜಾಲ ಕನ್ನಡದಲ್ಲೂ ಬಂತು. ಅದರ ಆರಂಭದ ದಿನಗಳಲ್ಲಿ ಕೆಲಸ ಮಾಡಿದ ಕಾರ್ಕಳದ ಅನಂತ ಪೈ ಅವರೇ 1967ರಲ್ಲಿ ‘ಅಮರ ಚಿತ್ರಕಥಾ’ ಮಾಲೆಯನ್ನು ಶುರುಮಾಡಿದರು. ಅಮೆರಿಕದ ಕಾಮಿಕ್ಸಿಗೂ ಕನ್ನಡ ಮಕ್ಕಳ ಬೇಸಿಗೆ ರಜೆಗೂ ಇರುವ ನಂಟು ಇದು.

ಕಳೆದ ಮಳೆಗಾಲ ಈ ಅಂಕಣಕಾರನ ಮನೆಯ ಅಟ್ಟದಿಂದಲೂ ಒಂದು ಕಟ್ಟು ಕೆಳಗಿಳಿಯಿತು. ಸುತ್ತಿದ್ದ ಪ್ಲಾಸ್ಟಿಕ್ ಚೀಲದೊಳಗೆ ತೇವ ಸೇರಿತ್ತು. ಪಿನ್ನಿನ ತುಕ್ಕು ನಡುಪುಟಗಳಿಗೆ ಇಳಿದು ಕಂದು ಕಲೆ ಮಾಡಿತ್ತು. ಹರಿದ ಜಾಗಕ್ಕೆ ಹಿಂದೆ ಅಂಟಿಸಿದ್ದ ಸೆಲ್ಲೋ ಟೇಪು ಒಣಗಿ ಉದುರಿ, ಅದರ ಗೋಂದು ಮಾತ್ರ ಹಳದಿ ಪಟ್ಟೆಯಾಗಿ ಕಚ್ಚಿಕೊಂಡಿತ್ತು. ಅವುಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಮೊದಲ ಪುಟಗಳಲ್ಲಿ ಮಕ್ಕಳ ಕೈಬರಹದ ಹೆಸರು, ತರಗತಿ, ಊರು ಇದ್ದವು. ಒಂದು ಪುಸ್ತಕದ ಮೇಲೆ ಮೂವರ ಹೆಸರು. ಕೈಯಿಂದ ಕೈಗೆ ಹೋದ ದಾರಿ ಅದು. ಡೆನ್ವರಿನ ಒಣಗಾಳಿ ನಮಗಿಲ್ಲ. ಕರಾವಳಿಯ, ಮಲೆನಾಡಿನ ಮಳೆಯಲ್ಲಿ ನ್ಯೂಸ್‌ಪ್ರಿಂಟ್ ಉಳಿಯುವುದು ಅಮೆರಿಕದ ಗುಡ್ಡಗಾಡಿಗಿಂತ ಎಷ್ಟೋ ಕಷ್ಟ. ಅದಕ್ಕೇ ಇಲ್ಲಿ ಉಳಿದಿರುವ ಒಂದೊಂದು ಪ್ರತಿಯನ್ನೂ ಉಳಿಸಿಕೊಳ್ಳಬೇಕು.

ಆದ್ದರಿಂದ ಒಂದು ಕೋರಿಕೆ. ಮನೆ ಬದಲಿಸುವಾಗಲೋ ಹಿರಿಯರ ಸಾಮಾನು ವಿಂಗಡಿಸುವಾಗಲೋ ಹಳೆ ಕಾಮಿಕ್ಸ್, ಚಂದಮಾಮ, ಬಾಲಮಿತ್ರಗಳ ಕಟ್ಟು ಸಿಕ್ಕರೆ ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲಿಗೆ ಒಣಹಾಕಬೇಡಿ. ನೆಲಕ್ಕೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿ, ಆಮ್ಲವಿಲ್ಲದ ಕಾಗದ ಸಿಕ್ಕರೆ ಅದರಲ್ಲಿ ಸುತ್ತಿ, ಮಟ್ಟಸವಾಗಿ ಇಡಿ. ವರ್ಷಕ್ಕೆರಡು ಸಲ ತೆಗೆದು ಗಾಳಿಯಾಡಿಸಿ, ಪುಟ ಪುಟವನ್ನೂ ಫೋಟೋ ತೆಗೆದಿಡಿ. ನಿಮಗೆ ಜಾಗವಿಲ್ಲದಿದ್ದರೆ ಊರಿನ ಗ್ರಂಥಾಲಯವನ್ನೋ ಹಳೆ ಪುಸ್ತಕ ಕೂಡಿಡುವವರನ್ನೋ ಕೇಳಿ. ರದ್ದಿ ಅಂಗಡಿಯವನು ಕೊಡುವುದು ಕಿಲೋಗೆ ಕೆಲವು ರೂಪಾಯಿ ಮಾತ್ರ.